ಹತ್ತು ಪೌಂಡ್ ನೋಟು, ಒಂದು ಚೀಲ ಮೆಕ್ಕೆಜೋಳ

ನಾನು ಲೆಕ್ಕ ಬರೆಯುವವನು, ಭಾಷಣ ಮಾಡುವವನಲ್ಲ. ಅದಕ್ಕೇ ಜೇಬಿನಲ್ಲಿ ಒಂದು ಹತ್ತು ಪೌಂಡ್ ನೋಟು ಇಟ್ಟುಕೊಂಡು ಬಂದಿದ್ದೇನೆ. ನಮ್ಮ ಸಂಘದ ದೀಪಾವಳಿ ದಿನ ನಿಮ್ಮಲ್ಲೇ ಯಾರೋ ಡಬ್ಬಿಗೆ ಹಾಕಿದ್ದು ಅಂದುಕೊಳ್ಳಿ. ಇದು ಇಂಗ್ಲೆಂಡಿನ ಈ ಹಾಲ್‌ನಿಂದ ಹೊರಟು ಆಫ್ರಿಕಾದ ಮಲಾವಿ ದೇಶದ ಒಂದು ಹಳ್ಳಿಮನೆಯ ಒಲೆ ಮುಟ್ಟುವ ಹೊತ್ತಿಗೆ ಎಷ್ಟು ಬೆಳೆಯುತ್ತದೆ, ಎಷ್ಟು ಸವೆಯುತ್ತದೆ ಅನ್ನೋದನ್ನ ಇವತ್ತು ಹೇಳುತ್ತೇನೆ.

ನಮ್ಮ ದತ್ತಿ ಸಂಸ್ಥೆ ತೀರಾ ಸಣ್ಣದು. ವರ್ಷಕ್ಕೆ 28,000 ಪೌಂಡ್ ಆಸುಪಾಸು ಬರುತ್ತದೆ. ಆಫೀಸಿಲ್ಲ. ಐದು ಜನ ಟ್ರಸ್ಟಿಗಳು, ಯಾರಿಗೂ ಸಂಬಳವಿಲ್ಲ. ನಾನು ಇದಕ್ಕೆ ಸಿಕ್ಕಿಬಿದ್ದದ್ದೇ ಒಂದು ತಮಾಷೆ. ಪಕ್ಕದ ಮನೆಯವರು ಮಲಾವಿ ಮೂಲದ ನಿವೃತ್ತ ನರ್ಸ್. "ನೀವು ಅಕೌಂಟೆಂಟ್ ಅಲ್ವಾ, ವರ್ಷಕ್ಕೊಂದು ಸಂಜೆ ಬಂದು ಲೆಕ್ಕ ನೋಡಿದರೆ ಸಾಕು" ಅಂದರು. ಆ ಒಂದು ಸಂಜೆ ಒಂಬತ್ತು ವರ್ಷದಿಂದ ನಡೆಯುತ್ತಲೇ ಇದೆ! ಮಲಾವಿಯ 60 ಕುಟುಂಬಗಳಿಗೆ ತಿಂಗಳಿಗೆ 20 ಪೌಂಡ್‌ನಂತೆ ಕಳಿಸುತ್ತಿದ್ದೆವು. ಅದರ ಮೇಲೆ ಬಿತ್ತನೆ ಕಾಲಕ್ಕೆ ಬೀಜ, ಗೊಬ್ಬರದ ದುಡ್ಡು. ಅಷ್ಟೇ ನಮ್ಮ ಸಾಮ್ರಾಜ್ಯ.

ನಮ್ಮಪ್ಪನಿಗೆ ದಾವಣಗೆರೆ ಕಡೆ ಹಳ್ಳಿಯಲ್ಲಿ ಒಂದು ಕಿರಾಣಿ ಅಂಗಡಿ ಇತ್ತು. ಎರಡು ಪುಸ್ತಕ ಇಟ್ಟಿದ್ದರು, ಒಂದು ಕಿರ್ದಿ, ಇನ್ನೊಂದು ಉದ್ರಿ. ಮಳೆಗಾಲದಲ್ಲಿ ಊರವರು ಉದ್ರಿ ತಗೊಳ್ಳೋರು, ಸುಗ್ಗಿ ಆದಮೇಲೆ ತೀರಿಸೋರು. ಮಳೆ ಕೈಕೊಟ್ಟ ವರ್ಷ? ನಾನು ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಇಷ್ಟೇ: "ಏಟು ಯಾರಾದರೂ ತಿನ್ನಲೇಬೇಕು. ಅವರು ತಿಂದರೆ ಸಾಯ್ತಾರೆ, ನಾನು ತಿಂದರೆ ಸೊರಗ್ತೀನಿ." ಮುಂದೆ ನಾನು ಓದಿದ ಅಕೌಂಟೆನ್ಸಿ ಪುಸ್ತಕಗಳಲ್ಲೆಲ್ಲಾ ಇದಕ್ಕೆ ದೊಡ್ಡ ದೊಡ್ಡ ಹೆಸರುಗಳಿವೆ. ಈಗಲೂ ಯಾವ ಲೆಕ್ಕ ಮುಂದೆ ಬಂದರೂ ನಾನು ಮೊದಲು ಕೇಳಿಕೊಳ್ಳೋದು ಅದನ್ನೇ. ಇಲ್ಲಿ ಏಟು ತಿನ್ನುವವರು ಯಾರು?

ಸರಿ, ನೋಟಿಗೆ ಬರೋಣ. ಮೊದಲು ಇದು ಬೆಳೆಯುತ್ತದೆ. ನೀವು ಇಲ್ಲಿ ಆದಾಯ ತೆರಿಗೆ ಕಟ್ಟುವವರಾಗಿದ್ದು, ಗಿಫ್ಟ್ ಏಡ್ ಫಾರಂಗೆ ಸಹಿ ಹಾಕಿದರೆ, ಸರ್ಕಾರ ಪ್ರತಿ ಪೌಂಡಿಗೆ 25 ಪೆನ್ಸ್ ಸೇರಿಸಿ ಕೊಡುತ್ತದೆ. ಹತ್ತು ಹೋಗಿ ಹನ್ನೆರಡೂವರೆ ಆಯಿತು. ನಿಮ್ಮ ಕೈಯಿಂದ ಒಂದು ಪೆನ್ನಿಯೂ ಜಾಸ್ತಿ ಹೋಗಲ್ಲ. ಆದರೂ ಎಷ್ಟು ಜನ ಆ ಫಾರಂ ನೋಡಿ "ಆಮೇಲೆ ಹಾಕ್ತೀನಿ ಬಿಡಿ" ಅಂತಾರೆ ಗೊತ್ತಾ? ಹಾಗಂತ ಎಲ್ಲರ ಕೈಯಲ್ಲೂ ಸಹಿ ಹಾಕಿಸುವುದೂ ತಪ್ಪು. ಓದಲು ಬಂದ ಹುಡುಗನೊಬ್ಬ ಉತ್ಸಾಹದಿಂದ ಸಹಿ ಹಾಕಲು ಬಂದ. ಅವನು ತೆರಿಗೆಯನ್ನೇ ಕಟ್ಟುತ್ತಿರಲಿಲ್ಲ. ಕಟ್ಟದ ತೆರಿಗೆಯ ಮೇಲೆ ನಾವು ಆ 25 ಪೆನ್ಸ್ ಪಡೆದರೆ, ನಾಳೆ ತೆರಿಗೆಯವರು ಆ ದುಡ್ಡು ಕೇಳುವುದು ಅವನನ್ನೇ. ನೋಡಿ, ಏಟು ಎಲ್ಲಿಗೆ ಬೀಳುತ್ತದೆ ಅಂತ. ಬೇಡ ಮಾರಾಯ ಅಂತ ಫಾರಂ ವಾಪಸ್ ತಗೊಂಡೆ.

ಇನ್ನೊಂದು ವಿಷಯ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಬಿಸಿಬೇಳೆಬಾತ್ ಪ್ಲೇಟಿಗೆ 5 ಪೌಂಡ್ ಕೊಟ್ಟರೆ ಅದು ದಾನವಲ್ಲ, ವ್ಯಾಪಾರ. ಅದಕ್ಕೆ ಗಿಫ್ಟ್ ಏಡ್ ಸಿಗಲ್ಲ. ಲಾಟರಿ ಟಿಕೆಟಿಗೂ ಸಿಗಲ್ಲ. ಆದರೆ ಡಬ್ಬಿಗೆ ಬೀಳುವ ಚಿಲ್ಲರೆಗೆ ಬೇರೆ ದಾರಿ ಇದೆ. 30 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಇರುವ ನಗದು ಕಾಣಿಕೆಗಳಿಗೆ ಯಾರ ಸಹಿಯೂ ಬೇಕಿಲ್ಲ. ವರ್ಷಕ್ಕೆ ಒಟ್ಟು 8,000 ಪೌಂಡ್ ತನಕದ ಕಾಣಿಕೆ ಮೇಲೆ ಅದೇ ಲೆಕ್ಕದಲ್ಲಿ ಸರ್ಕಾರ ಕೊಡುತ್ತದೆ. ಒಂದು ಷರತ್ತಿದೆ. ಆ ವರ್ಷ ಸಹಿ ಇರುವ ದಾನದ ಮೇಲೂ ಸಂಸ್ಥೆ ಗಿಫ್ಟ್ ಏಡ್ ಕೇಳಿರಬೇಕು, ಡಬ್ಬಿಯ ಲೆಕ್ಕ ಅದರ ಹತ್ತು ಪಟ್ಟು ಮೀರಬಾರದು. ಅಂದರೆ ಬರೀ ಡಬ್ಬಿ ನೆಚ್ಚಿಕೊಂಡು ಕೂರುವ ಹಾಗಿಲ್ಲ.

ಈಗ ಸವೆಯುವ ಕಥೆ. ನಿಮ್ಮಲ್ಲಿ ಸುಮಾರು ಜನ ನನ್ನನ್ನು ಬದಿಗೆ ಕರೆದು ಕೇಳಿದ್ದೀರಿ: "ನನ್ನ ದುಡ್ಡು ಪೂರ್ತಿ ಅವರಿಗೇ ತಲುಪುತ್ತಾ?" ನಾನು ಇಲ್ಲ ಅನ್ನುತ್ತೇನೆ. ಕೇಳಿದವರ ಮುಖ ಬಾಡುತ್ತದೆ. ಕೆಲವು ಸಂಸ್ಥೆಗಳು ನೂರಕ್ಕೆ ನೂರು ಅಂತ ಬೋರ್ಡ್ ಹಾಕಿಕೊಳ್ಳುತ್ತವೆ. ನನ್ನ ಮಟ್ಟಿಗೆ ಅದು ಸುಮ್ನೆ ಮಾತು. ಖರ್ಚು ಎಲ್ಲೋ ಇದ್ದೇ ಇರುತ್ತದೆ, ಯಾರೋ ಅದನ್ನು ಬೇರೆ ಜೇಬಿನಿಂದ ಕಟ್ಟಿರುತ್ತಾರೆ ಅಷ್ಟೇ. ಆ ಜೇಬು ಒಂದು ದಿನ ಬರಿದಾದರೆ? ನಮಗೆ ಅಲ್ಲಿ ಒಬ್ಬ ಕೆಲಸಗಾರನಿದ್ದಾನೆ. ಸೈಕಲ್ ಮೇಲೆ ಹಳ್ಳಿಗಳನ್ನು ಸುತ್ತಿ, ಯಾರಿಗೆ ದುಡ್ಡು ಬಂತು, ಯಾರ ಸಿಮ್ ಹಾಳಾಗಿದೆ, ಯಾರ ಮನೆಯಲ್ಲಿ ಕಾಯಿಲೆ ಅಂತ ಬರೆದುಕೊಂಡು ಬರುತ್ತಾನೆ. ಅವನ ಸಂಬಳ 'ಆಡಳಿತ ವೆಚ್ಚ'. ಅವನಿಲ್ಲದಿದ್ದರೆ ನಾನು ಕಳಿಸಿದ್ದು ಯಾರಿಗೆ ಸೇರಿತು ಅಂತ ನಿಮಗೆ ಹೇಳುವುದು ಹೇಗೆ?

ಸಂಶಯ ಇದ್ದರೆ ನನ್ನ ಮಾತು ನಂಬಬೇಡಿ, ಲೆಕ್ಕ ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ದತ್ತಿ ಸಂಸ್ಥೆಗಳ ಮೇಲೆ ಕಣ್ಣಿಡುವ ಚಾರಿಟಿ ಕಮಿಷನ್‌ನ ಪಟ್ಟಿ ಎಲ್ಲರಿಗೂ ತೆರೆದಿದೆ. ಆರ್ಥಿಕ ವರ್ಷ ಮುಗಿದ 10 ತಿಂಗಳೊಳಗೆ ಲೆಕ್ಕ ಸಲ್ಲಿಸಬೇಕು. ಯಾವ ಸಂಸ್ಥೆ ತಡ ಮಾಡಿದೆ ಅನ್ನೋದೂ ಅಲ್ಲೇ ಕಾಣುತ್ತದೆ. ನಮ್ಮ ಪುಸ್ತಕಗಳನ್ನು ಹೊರಗಿನವರೊಬ್ಬರು ಪರಿಶೀಲಿಸಿ ಸಹಿ ಹಾಕುತ್ತಾರೆ. ಆದಾಯ 25,000 ಪೌಂಡ್ ದಾಟಿದರೆ ಹೀಗೆ ಮಾಡಿಸಲೇಬೇಕು ಅನ್ನೋ ನಿಯಮ ಬಹಳ ವರ್ಷ ಇತ್ತು. ಅಲ್ಲಿ ನೋಡಬೇಕಾದದ್ದು ಶೇಕಡಾವಾರು ಅಲ್ಲ. ಹೋದ ವರ್ಷ ಮಾತು ಕೊಟ್ಟದ್ದನ್ನು ಈ ವರ್ಷ ಮಾಡಿದ್ದಾರಾ? ಅದನ್ನು ನೋಡಿ.

ನೋಟು ಈಗ ಬ್ಯಾಂಕಿನಲ್ಲಿದೆ. ಪೌಂಡ್ ಸೀದಾ ಮಲಾವಿಗೆ ಹಾರಲ್ಲ. ನಮ್ಮ ಬ್ಯಾಂಕಿನಿಂದ ಹೊರಟು, ಡಾಲರ್ ಆಗಿ, ನಡುವೆ ಇನ್ನೊಂದು ಬ್ಯಾಂಕಿನ ಮೂಲಕ ಹೋಗಿ, ಅಲ್ಲಿನ ಬ್ಲಾಂಟೈರ್ ನಗರದ ಬ್ಯಾಂಕಿನಲ್ಲಿ ಕ್ವಾಚಾ ಆಗುತ್ತದೆ. ಕ್ವಾಚಾ ಅವರ ನಾಣ್ಯದ ಹೆಸರು. ಚಿಚೆವಾ ಭಾಷೆಯಲ್ಲಿ ಬೆಳಗಾಯಿತು ಅಂತ ಅರ್ಥ. ಅದರ ಚಿಲ್ಲರೆಗೆ ತಂಬಾಲಾ, ಅಂದರೆ ಹುಂಜ. ಹುಂಜ ಕೂಗಿ ಬೆಳಗಾಗುವ ನಾಣ್ಯ! ಹೆಸರೇನೋ ಚೆನ್ನಾಗಿದೆ. ಈಗ ತಂಬಾಲಾಕ್ಕೆ ಏನೂ ಬರಲ್ಲ.

ಒಂದೊಂದು ನಿಲ್ದಾಣದಲ್ಲೂ ಶುಲ್ಕ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ. ಒಮ್ಮೆ ಕಳಿಸಲು ನಮಗೆ ಸುಮಾರು 20 ಪೌಂಡ್ ಬೀಳುತ್ತಿತ್ತು. 1,200 ಕಳಿಸಿದರೂ 20, 3,600 ಕಳಿಸಿದರೂ 20. ನಾನು ಲೆಕ್ಕದವನಲ್ವಾ, ತಲೆ ಓಡಿಸಿದೆ. ತಿಂಗಳು ತಿಂಗಳು ಯಾಕೆ, ಮೂರು ತಿಂಗಳಿಗೊಮ್ಮೆ ಕಳಿಸೋಣ ಅಂದೆ. ವರ್ಷಕ್ಕೆ 160 ಪೌಂಡ್ ಉಳಿಯಿತು. ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಬೀಗಿದೆ.

2023ರ ಅಕ್ಟೋಬರ್ ಕೊನೆಯಲ್ಲಿ ಮೂರು ತಿಂಗಳ ದುಡ್ಡು, 3,600 ಪೌಂಡ್, ಕಳಿಸಿದೆ. ನವೆಂಬರ್ 9ಕ್ಕೆ ಮಲಾವಿಯ ರಿಸರ್ವ್ ಬ್ಯಾಂಕ್ ಕ್ವಾಚಾದ ಬೆಲೆ ಇಳಿಸಿತು. ಹಿಂದಿನ ದಿನ ಒಂದು ಡಾಲರಿಗೆ 1,180 ಇದ್ದದ್ದು ಮಾರನೇ ದಿನ 1,700. ಹಿಂದಿನ ವರ್ಷ ಮೇ ತಿಂಗಳಲ್ಲೂ ಹೀಗೇ ಆಗಿತ್ತು, ಆಗ 25 ಶೇಕಡಾ. ನನಗೆ ಗೊತ್ತಿತ್ತು. ಗೊತ್ತಿದ್ದೂ ಮರೆತೆ.

ಲೆಕ್ಕ ಮಾಡಿ ನೋಡಿ. ಆ 3,600 ಪೌಂಡ್ ಹೆಚ್ಚೂಕಡಿಮೆ 4,400 ಡಾಲರ್. ಹಳೇ ದರದಲ್ಲಿ 52 ಲಕ್ಷ ಕ್ವಾಚಾ. ಎರಡು ವಾರ ತಡೆದಿದ್ದರೆ 75 ಲಕ್ಷ. ನಾನು ಉಳಿಸಿದ್ದು ವರ್ಷಕ್ಕೆ 160 ಪೌಂಡ್, ಕಳೆದದ್ದು ಒಂದೇ ಏಟಿಗೆ 23 ಲಕ್ಷ ಕ್ವಾಚಾ! ಅದೂ ಕಳೆದದ್ದು ನಾನಲ್ಲ, ಅಲ್ವಾ? ನನ್ನ ಮನೆಯಲ್ಲಿ ಆ ರಾತ್ರಿ ಎಂದಿನ ಹಾಗೇ ಅನ್ನ ಸಾರು. ಅಲ್ಲಿ ಒಂದು ಕುಟುಂಬದ ಕೈಗೆ ತಿಂಗಳಿಗೆ ಸಿಗುತ್ತಿದ್ದದ್ದು 28,800 ಕ್ವಾಚಾ. ಅದೇ 28,800 ಸಿಕ್ಕಿತು. ಆದರೆ ಅಂಗಡಿಯಲ್ಲಿ ಎಣ್ಣೆ, ಸೋಪು, ಗೊಬ್ಬರ ಎಲ್ಲದರ ಬೆಲೆ ಏರುತ್ತಾ ಹೋಯಿತು.

ಅದೂ ಯಾವ ಕಾಲದಲ್ಲಿ? ಮಲಾವಿಯಲ್ಲಿ ಮಳೆಗಾಲ ಒಂದೇ. ನವೆಂಬರ್ ಹೊತ್ತಿಗೆ ಬಿತ್ತುತ್ತಾರೆ, ಏಪ್ರಿಲ್ ಮೇ ತಿಂಗಳಲ್ಲಿ ಕೊಯ್ಯುತ್ತಾರೆ. ಡಿಸೆಂಬರಿನಿಂದ ಮಾರ್ಚ್ ತನಕ ಕಣಜ ಖಾಲಿ. ಹೊಲ ಹಸಿರಾಗಿರುತ್ತದೆ, ಹೊಟ್ಟೆ ಹಸಿದಿರುತ್ತದೆ. ಅವರ ಊಟ ನ್ಸಿಮಾ. ಬಿಳೀ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ತಿರುವಿ ಗಟ್ಟಿ ಮಾಡುತ್ತಾರೆ. ನಮ್ಮ ಮುದ್ದೆಯೇ, ಬಣ್ಣ ಬಿಳಿ. ಜೊತೆಗೆ ಸೊಪ್ಪು. ನಾನು ಹೋದಾಗ ಬೆರಳಲ್ಲಿ ಮುರಿದು, ಅದ್ದಿ, ತಿಂದದ್ದು ನೋಡಿ ಆ ಮನೆಯ ಅಜ್ಜಿ ನಕ್ಕರು. ಇವನಿಗೆ ಯಾರು ಕಲಿಸಿದರು ಅಂತ ಕೇಳಿದರಂತೆ. ನಮ್ಮ ದಾವಣಗೆರೆ ಕಡೆಯೂ ಲೋಡುಗಟ್ಟಲೆ ಮೆಕ್ಕೆಜೋಳ ಬೆಳೀತಾರೆ. ಆದರೆ ಅದು ಮಂಡಿಗೆ ಹೋಗುತ್ತದೆ, ಕೋಳಿ ತಿನ್ನುತ್ತದೆ. ಇವರಿಗೆ ಅದೇ ಜೀವ.

ಆಮೇಲೆ ನಾವು ನಿಯಮ ಬದಲಿಸಿದೆವು. ಪೌಂಡಿನಲ್ಲೂ ಅಲ್ಲ, ಕ್ವಾಚಾದಲ್ಲೂ ಅಲ್ಲ, ಮೆಕ್ಕೆಜೋಳದಲ್ಲಿ ಮಾತು ಕೊಟ್ಟೆವು. ತಿಂಗಳಿಗೆ 50 ಕಿಲೋ ಚೀಲ ಒಂದಕ್ಕೆ ಹತ್ತಿರದ ಸಂತೆಯಲ್ಲಿ ಏನು ಬೆಲೆಯೋ ಅಷ್ಟು, ಜೊತೆಗೆ ಸ್ವಲ್ಪ ಮೇಲ್ಖರ್ಚಿಗೆ. ನಮ್ಮ ಸೈಕಲ್ ಹುಡುಗ ತಿಂಗಳಿಗೊಮ್ಮೆ ಬೆಲೆ ಕೇಳಿಕೊಂಡು ಬರುತ್ತಾನೆ. ಕಳಿಸುವುದೂ ಮತ್ತೆ ತಿಂಗಳಿಗೊಮ್ಮೆ. ಹೋದರೆ ಹೋಗಲಿ 160 ಪೌಂಡ್. ಇದರಿಂದ ನನ್ನ ಬಜೆಟ್ ಹಾಳಾಯಿತು, ಮುಂದಿನ ತಿಂಗಳು ಎಷ್ಟು ಬೇಕು ಅಂತ ನನಗೇ ಗೊತ್ತಿಲ್ಲ. ಆದರೆ ಏಟು ಅವರ ಅಡುಗೆಮನೆಯಿಂದ ನನ್ನ ಎಕ್ಸೆಲ್ ಶೀಟಿಗೆ ಬಂತು. ಅದು ಇರಬೇಕಾದ ಜಾಗವೂ ಅದೇ.

ಈ ನಡುವೆ ಒಂದು ಆಮಿಷವೂ ಬಂತು. ಬ್ಯಾಂಕಿನಲ್ಲಿ ಒಂದು ದರ, ಬೀದಿಯಲ್ಲಿ ಇನ್ನೊಂದು. ಬೀದಿಯಲ್ಲಿ ಡಾಲರಿಗೆ ತುಂಬಾ ಜಾಸ್ತಿ ಕ್ವಾಚಾ. ಪರಿಚಯದವರೊಬ್ಬರು, ಒಳ್ಳೆಯ ಮನಸ್ಸಿನಿಂದಲೇ, "ನನಗೆ ಇಲ್ಲಿ ಪೌಂಡ್ ಕೊಡಿ, ನನ್ನ ತಮ್ಮ ಅಲ್ಲಿ ಕ್ವಾಚಾ ಹಂಚುತ್ತಾನೆ" ಅಂದರು. ಬಡವರಿಗೇ ಜಾಸ್ತಿ ಸಿಗುತ್ತದಲ್ಲ ಅನ್ನೋದು ಅವರ ವಾದ. ಒಂದು ರಾತ್ರಿ ನಿದ್ದೆ ಬರಲಿಲ್ಲ ನನಗೆ. ಕೊನೆಗೆ ಬೇಡ ಅಂದೆ. ಅದು ಕಾನೂನಿಗೆ ವಿರುದ್ಧ ಅನ್ನೋದು ಒಂದು. ದುಡ್ಡು ಹೋದ ದಾರಿಗೆ ಕಾಗದ ಇರಲ್ಲ ಅನ್ನೋದು ಇನ್ನೊಂದು. ಸಣ್ಣ ಸಂಸ್ಥೆಗೆ ಬ್ಯಾಂಕ್ ಖಾತೆ ಸಿಗುವುದೇ ಈಗ ಕಷ್ಟ. ಹೊರದೇಶಕ್ಕೆ ದುಡ್ಡು ಕಳಿಸುತ್ತೇವೆ ಅಂದ ಕೂಡಲೇ ಬ್ಯಾಂಕಿನವರು ಹುಬ್ಬೇರಿಸುತ್ತಾರೆ. ಅದೊಂದು ಖಾತೆ ಮುಚ್ಚಿದರೆ 60 ಮನೆಗೂ ಒಟ್ಟಿಗೇ ನಿಲ್ಲುತ್ತದೆ. ಹಾಗಂತ ನನ್ನ ನಿರ್ಧಾರಕ್ಕೆ ಬೆಲೆ ಇಲ್ಲ ಅಂತಲ್ಲ. ಆ ಬೆಲೆ ಕಟ್ಟಿದವರು ಆ ಹಳ್ಳಿಯವರು. ಅದನ್ನು ಮುಚ್ಚಿಡಲ್ಲ.

ಈಗ ಹಣೆಪಟ್ಟಿಯ ದುಡ್ಡು. ದಾನಿ "ಇದು ಇದಕ್ಕೇ" ಅಂತ ಕೊಟ್ಟರೆ ಅದಕ್ಕೇ ಬಳಸಬೇಕು. ಬೇರೆಯದಕ್ಕೆ ಬಳಸಿದರೆ ನಂಬಿಕೆ ದ್ರೋಹ, ಕಾನೂನಿನ ಪ್ರಕಾರವೂ. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ಮಲಾವಿಯ ದಕ್ಷಿಣವನ್ನು ಕೊಚ್ಚಿಹಾಕಿತು. ಸತ್ತವರು, ಕಾಣೆಯಾದವರು ಸೇರಿ ಸಾವಿರಕ್ಕೂ ಜಾಸ್ತಿ. ನಾವು "ಮನೆಗೆ ತಗಡು ಹೊದಿಸಲು" ಅಂತ ದುಡ್ಡು ಕೇಳಿದೆವು. ಟಿವಿಯಲ್ಲಿ ಚಿತ್ರ ನೋಡಿದ್ದರಲ್ಲ, ಜನ ಕೈ ಬಿಚ್ಚಿ ಕೊಟ್ಟರು. ನಮ್ಮ ಕುಟುಂಬಗಳ ಮನೆಗೆಲ್ಲ ತಗಡು ಹಾಕಿದ ಮೇಲೂ 4,000 ಪೌಂಡ್ ಉಳಿಯಿತು. ಮುಂದಿನ ವರ್ಷ ಮಳೆಯೇ ಇಲ್ಲ. 2024ರ ಮಾರ್ಚ್‌ನಲ್ಲಿ ಅಲ್ಲಿನ ಅಧ್ಯಕ್ಷರು 28 ಜಿಲ್ಲೆಗಳ ಪೈಕಿ 23ರಲ್ಲಿ ವಿಪತ್ತು ಘೋಷಿಸಿದರು. ನನ್ನ ಖಾತೆಯಲ್ಲಿ ದುಡ್ಡಿದೆ, ಅವರ ಮನೆಯಲ್ಲಿ ಹಿಟ್ಟಿಲ್ಲ. ಆದರೆ ಆ ದುಡ್ಡಿನ ಹಣೆಯ ಮೇಲೆ 'ತಗಡು' ಅಂತ ಬರೆದಿದೆ!

ಒಬ್ಬೊಬ್ಬ ದಾನಿಗೂ ಕಾಗದ ಬರೆದು ಒಪ್ಪಿಗೆ ಕೇಳಿದೆ. ಬಹುಪಾಲು ಜನ ಎರಡೇ ದಿನದಲ್ಲಿ "ಆಗಲಿ" ಅಂದರು. ಕೆಲವರು ಉತ್ತರಿಸಲಿಲ್ಲ. ಒಬ್ಬರು ಒಪ್ಪಲಿಲ್ಲ, ಅವರ ದುಡ್ಡು ಅವರಿಗೆ ವಾಪಸ್ ಕೊಟ್ಟೆವು. ಈಗ ನಮ್ಮ ಪ್ರತಿ ಮನವಿಯ ಕೆಳಗೂ ಒಂದು ಸಾಲು ಇರುತ್ತದೆ: ಬೇಕಾದ್ದಕ್ಕಿಂತ ಜಾಸ್ತಿ ಬಂದರೆ ಇದೇ ಕುಟುಂಬಗಳ ಬೇರೆ ಅಗತ್ಯಕ್ಕೆ ಬಳಸುತ್ತೇವೆ. ಈ ಸಾಲು ಬರೆಯಲು ಎರಡು ನಿಮಿಷ ಸಾಕು. ಬರೆಯದೇ ಇದ್ದದ್ದಕ್ಕೆ ಆರು ವಾರ ಹೋಯಿತು, ಅದೂ ಹಸಿವಿನ ಕಾಲದಲ್ಲಿ.

ಇಲ್ಲೇ ಇನ್ನೊಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ, ಪ್ರತಿ ಸಲ ಬರುತ್ತದೆ: "ನಮ್ಮೂರಲ್ಲಿ ಬಡವರಿಲ್ವಾ? ಕರ್ನಾಟಕಕ್ಕೆ ಯಾಕೆ ಕಳಿಸಲ್ಲ?" ಕಳಿಸಿ, ಬೇಡ ಅಂದವರಾರು. ಆದರೆ ಅದರ ದಾರಿ ಬೇರೆ. ಭಾರತದ ಸಂಸ್ಥೆ ಹೊರದೇಶದ ದುಡ್ಡು ತಗೊಳ್ಳಬೇಕಾದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆಯ ಕಾನೂನಿನಡಿ, ನೋಂದಣಿ ಅಥವಾ ಅನುಮತಿ ಬೇಕು. 2020ರ ತಿದ್ದುಪಡಿ ಆದಮೇಲೆ ಅಂಥ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚ 20 ಶೇಕಡಾ ಮೀರುವಂತಿಲ್ಲ, ಹಿಂದೆ 50 ಇತ್ತು. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಣ್ಣ ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಹಾಗಾಗಿ ಊರಿನ ಸಣ್ಣ ಟ್ರಸ್ಟಿಗೆ ಇಲ್ಲಿಂದ ಸೀದಾ ಹಾಕಿಬಿಡೋಣ ಅಂತ ಹೊರಟರೆ ತೊಂದರೆ ಆಗೋದು ಆ ಟ್ರಸ್ಟಿನವರಿಗೆ. ಮೊದಲು ಅವರ ನೋಂದಣಿ ಇದೆಯಾ ಕೇಳಿ.

ಉಳಿತಾಯದ ವಿಷಯಕ್ಕೆ ನನಗೂ ನಮ್ಮ ಸದಸ್ಯರಿಗೂ ವರ್ಷಾ ವರ್ಷ ಜಗಳ. ಕುಟುಂಬಗಳಿಗೆ ಮಾತು ಕೊಟ್ಟಿರುವ ಆರು ತಿಂಗಳ ದುಡ್ಡನ್ನು ನಾನು ಮುಟ್ಟಲು ಬಿಡಲ್ಲ. "ಜನ ಹಸಿದಿದ್ದಾರೆ, ನೀವು ಬ್ಯಾಂಕಿನಲ್ಲಿ ಕೂಡಿಟ್ಟಿದ್ದೀರಿ" ಅಂತ ಒಬ್ಬರು ಎದ್ದು ನಿಂತೇ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ದಾನಿಗಳಲ್ಲಿ ಅರ್ಧದಷ್ಟು ಜನ ಅರವತ್ತು ದಾಟಿದವರು. ಇಬ್ಬರು ತೀರಿಕೊಂಡರೆ, ಒಬ್ಬರ ಕೆಲಸ ಹೋದರೆ, ಹತ್ತು ಕುಟುಂಬಗಳ ದುಡ್ಡು ನಿಲ್ಲುತ್ತದೆ. ನಿಲ್ಲಿಸುವುದು ಅಂದರೆ ಏನು ಅಂತ 2025ರಲ್ಲಿ ಎಲ್ಲರೂ ನೋಡಿದರು. ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ಜನವರಿಯಲ್ಲಿ ಕೈ ತಡೆಯಿತು, ಜುಲೈ ಹೊತ್ತಿಗೆ ಅದೇ ಇರಲಿಲ್ಲ. ಬ್ರಿಟನ್ ಸರ್ಕಾರವೂ ರಾಷ್ಟ್ರೀಯ ಆದಾಯದ 0.7 ಶೇಕಡಾ ಇದ್ದ ನೆರವನ್ನು 2021ರಲ್ಲಿ 0.5ಕ್ಕೆ ಇಳಿಸಿ, 2027ಕ್ಕೆ 0.3 ಮಾಡುತ್ತೇವೆ ಅಂತ ಹೇಳಿದೆ. ಅಷ್ಟು ದೊಡ್ಡವರು ಬಿಟ್ಟ ಜಾಗವನ್ನು ನಮ್ಮಂಥವರು ತುಂಬಲಾರೆವು. ಹೊಸ ಕುಟುಂಬ ಸೇರಿಸಿ ಅಂತ ಕೇಳಿದಾಗ ಎಷ್ಟೋ ಸಲ ಇಲ್ಲ ಅಂದಿದ್ದೇನೆ. ಒಪ್ಪಿಕೊಂಡು ಅರ್ಧಕ್ಕೆ ಕೈಬಿಡುವುದು ನನ್ನಿಂದಾಗಲ್ಲ.

ತಿಂಗಳಿಗಿಷ್ಟು ಕೊಡಬೇಕಾ, ಒಟ್ಟಿಗೇ ಕೊಡಬೇಕಾ ಅನ್ನೋದಕ್ಕೆ ಕೀನ್ಯಾದಲ್ಲಿ ದೊಡ್ಡ ಪ್ರಯೋಗ ನಡೆದಿದೆ. ಬಡವರ ಕೈಗೇ ದುಡ್ಡು ಕೊಡುವ ಗಿವ್‌ಡೈರೆಕ್ಟ್ಲಿ ಸಂಸ್ಥೆಯವರು ಕೆಲವು ಹಳ್ಳಿಗಳಿಗೆ ಹನ್ನೆರಡು ವರ್ಷದ ಮಾತು ಕೊಟ್ಟರು, ಕೆಲವಕ್ಕೆ ಎರಡೇ ವರ್ಷ, ಕೆಲವಕ್ಕೆ ಒಟ್ಟಿಗೇ ಗಂಟು. 2023ರಲ್ಲಿ ಬಂದ ವರದಿ ಪ್ರಕಾರ ಗಂಟಾಗಿ ಪಡೆದವರು, ಹನ್ನೆರಡು ವರ್ಷದ ಮಾತು ಇದ್ದವರು ಅಂಗಡಿ ವ್ಯಾಪಾರ ಶುರು ಮಾಡಿದರು. ಎರಡು ವರ್ಷದವರು ಅಷ್ಟಾಗಿ ಮಾಡಲಿಲ್ಲ. ನನಗೆ ಖುಷಿ ಕೊಟ್ಟದ್ದು ಬೇರೆ ಸಂಗತಿ. ದೀರ್ಘಕಾಲದ ಮಾತು ಇದ್ದವರು ತಿಂಗಳ ದುಡ್ಡನ್ನು ಗಂಟು ಮಾಡಿಕೊಂಡದ್ದು ಹೇಗೆ? ಚೀಟಿ ಹಾಕಿ! ನಮ್ಮಮ್ಮ ಮಾಡುತ್ತಿದ್ದದ್ದೂ ಅದನ್ನೇ. ಮಲಾವಿಯಲ್ಲೂ ಹೆಂಗಸರ ಉಳಿತಾಯ ಗುಂಪುಗಳಿವೆ. ಅದಕ್ಕೆ ಬ್ಯಾಂಕ್ ಎನ್‌ಖೊಂಡೆ ಅಂತಾರೆ. ಖೊಂಡೆ ಅಂದರೆ ಮನೆಯ ಮುಂದಿನ ಜಗುಲಿ. ಜಗುಲಿ ಬ್ಯಾಂಕು. ನಮ್ಮ ಕುಟುಂಬಗಳಲ್ಲಿ ಸುಮಾರು ಜನ ಅದರ ಸದಸ್ಯರು. ಕೊಟ್ಟ ದುಡ್ಡು ಹಿಟ್ಟಿಗೇ ಹೋಗಬೇಕು ಅಂತ ನಾವು ಕಾವಲು ಕೂರಲ್ಲ. ಜಗುಲಿಗೆ ಹಾಕಿ ಮೇಕೆ ಕೊಂಡರೆ ಒಳ್ಳೆಯದೇ.

ಕೊನೆಯ ಮೈಲಿ ಮೊಬೈಲಿನದು. ಅಲ್ಲಿ ಏರ್‌ಟೆಲ್ ಮನಿ, ಟಿಎನ್‌ಎಂ ಕಂಪನಿಯ ಮ್ಪಾಂಬಾ ಅಂತ ಎರಡು ಮೊಬೈಲ್ ಹಣದ ಸೇವೆಗಳಿವೆ. ದುಡ್ಡು ಫೋನಿಗೆ ಬರುತ್ತದೆ, ಮೆಸೇಜ್ ಬರುತ್ತದೆ, ಏಜೆಂಟರ ಹತ್ತಿರ ಹೋಗಿ ನಗದು ಮಾಡಿಸಿಕೊಳ್ಳಬೇಕು. ನಗದು ಮಾಡಲೂ ಶುಲ್ಕ. ಅದನ್ನು ನಾವೇ ಸೇರಿಸಿ ಕಳಿಸುತ್ತೇವೆ. ಇಷ್ಟು ಮಾಡಿದರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ, ಅಲ್ಲಿಗೆ ಹೋಗುವ ತನಕ.

ಫೆಬ್ರವರಿಯ ಒಂದು ಮಧ್ಯಾಹ್ನ. ರಸ್ತೆ ಪಕ್ಕ ಒಂದು ದೊಡ್ಡ ಕೊಡೆ, ಅದರ ಕೆಳಗೆ ಮರದ ಡಬ್ಬಿ ಇಟ್ಟುಕೊಂಡ ಹುಡುಗ. ಅವನೇ ಏಜೆಂಟ್. ಮುಂದೆ ನಮ್ಮದೇ ಕುಟುಂಬಗಳ ಒಂದು ಇಪ್ಪತ್ತು ಹೆಂಗಸರು, ಬೆನ್ನಿಗೆ ಕೂಸು ಕಟ್ಟಿಕೊಂಡವರು, ಕೈಯಲ್ಲಿ ಗುಂಡಿ ಸವೆದ ಫೋನು. ಏಳನೆಯವರ ಸರದಿ ಬಂದಾಗ ಹುಡುಗ ಡಬ್ಬಿ ತೆರೆದು ತೋರಿಸಿದ. "ಪಾಲಿಬೆ," ಅಂದ. ಇಲ್ಲ, ಖಾಲಿ. "ಮಾವಾ." ನಾಳೆ ಬನ್ನಿ. ಅವನಾದರೂ ಏನು ಮಾಡಿಯಾನು, ಅವನ ಬಂಡವಾಳವೇ ಅಷ್ಟು. ಎಲ್ಲರ ಫೋನಿಗೂ ದುಡ್ಡು ಬಂದಿದೆ. ನನ್ನ ಲ್ಯಾಪ್‌ಟಾಪಿನಲ್ಲಿ 60 ಸಾಲಿನ ಎದುರೂ 'ತಲುಪಿದೆ' ಅಂತ ಹಸಿರು ಗುರುತು. ಆ ಹೆಂಗಸರು ಜಗಳವಾಡಲಿಲ್ಲ. ಒಬ್ಬರು ಮಾತ್ರ ಎದ್ದು ಹೋಗಲಿಲ್ಲ, ಮಾವಿನ ಮರದ ಕೆಳಗೆ ಕೂತೇ ಇದ್ದರು. ನಮ್ಮ ಹುಡುಗನನ್ನು ಕೇಳಿದೆ, ಯಾಕೆ? ಅವರ ಊರು ಹನ್ನೆರಡು ಕಿಲೋಮೀಟರ್, ಹೋಗಿ ನಾಳೆ ಮತ್ತೆ ಬರುವ ಬದಲು ಇಲ್ಲೇ ಮಲಗುತ್ತಾರಂತೆ.

ತಪ್ಪು ಮಾಡಿದ್ದು ನಾನೇ. 60 ಜನಕ್ಕೂ ಒಂದೇ ಬೆಳಿಗ್ಗೆ, ಒಂದೇ ಗುಂಡಿ ಒತ್ತಿ ಕಳಿಸಿದ್ದೆ. ಈಗ ಹನ್ನೆರಡು ಹನ್ನೆರಡು ಮನೆಯ ಹಾಗೆ ಐದು ದಿನ ಕಳಿಸುತ್ತೇವೆ. ದೂರದ ಊರಿನವರ ಸರದಿ ಮೊದಲು. ಹಿಂದಿನ ದಿನವೇ ಏಜೆಂಟ್ ಹುಡುಗನಿಗೆ ಫೋನ್ ಮಾಡಿ, ನಾಳೆ ಇಷ್ಟು ನಗದು ಇಟ್ಟುಕೋ ಅಂತ ಹೇಳುತ್ತೇವೆ. ಆ ಫೋನಿನ ಬಿಲ್ಲನ್ನು ಆಡಳಿತ ವೆಚ್ಚದಲ್ಲೇ ಬರೆದಿದ್ದೇನೆ.